ನಮ್ಮ ಭಾವ ಬಿಸಿಲು ತೂಗಿದ್ದು

"ಎಲ್ಲಾರೂ ಒಂದ್ ಹೆಜ್ಜೆ ಹಿಂದಕ್ಕೆ ಸರೀರಿ! ಇವತ್ತು ಈ ತಾರಸಿ ಮೇಲೆ ಸೂರ್ಯನ್ನ ತಕ್ಕಡಿಗೆ ಹಾಕ್ತಾ ಇದೀನಿ!"

ನಮ್ಮ ಭಾವ ಓಬಳೇಶಪ್ಪನವರು ಹೀಗೆ ಸಾರಿದಾಗ ಹಿಂದಕ್ಕೆ ಸರಿಯಲು ಜಾಗ ಎಲ್ಲಿತ್ತು! ತಾರಸಿಯ ತುಂಬ ಹಳೇ ಬಿಳಿ ಪಂಚೆಗಳ ಮೇಲೆ ನನ್ನ ಸಂಡಿಗೆ ಹರಡಿತ್ತು. ಅವರು ಎಲ್ಲಾರೂ ಅಂದದ್ದು ಮೂರೇ ಜನಕ್ಕೆ: ನಾನು, ನಮ್ಮನೆಯವರು, ಮತ್ತು ಭಾವನ ಹೆಂಡತಿ, ಅಂದರೆ ನನ್ನ ವಾರಗಿತ್ತಿ ಪಾಲಾಕ್ಷಕ್ಕ. ಮೂವರೂ ಪಂಚೆಗಳ ಸಂದಿಯಲ್ಲಿ ಸಿಕ್ಕಲ್ಲಿ ಕಾಲಿಟ್ಟು ಕೊಕ್ಕರೆಗಳ ಹಾಗೆ ನಿಂತಿದ್ದೆವು.

"ಭಾವ, ಸೂರ್ಯ ತಕ್ಕಡಿಗೆ ಬೀಳಲಿ ಬಿಡಲಿ, ನೀವು ಮಾತ್ರ ಸಂಡಿಗೆ ಮೇಲೆ ಬೀಳಬೇಡಿ," ಅಂದೆ.

"ಅನಸೂಯಾ, ವಿಜ್ಞಾನದ ಮುಂದೆ ಸಂಡಿಗೆ ಮಾತು ಎತ್ತಬಾರದು!"

"ಎತ್ತದೆ ಏನು? ನಿಮ್ಮ ವಿಜ್ಞಾನ ನಿಂತಿರೋದೇ ನನ್ನ ಸಂಡಿಗೆ ಮಧ್ಯೆ!"

ಈ ಜಗಳದ ಬುಡ ಹೇಳಿಬಿಡುತ್ತೇನೆ. ಚಳ್ಳಕೆರೆಯಲ್ಲಿ ನಮ್ಮದು ಒಂದೇ ನಡುಗೋಡೆಯ ಎರಡು ಮನೆ. ಮಾವನವರು ಹೋದ ಮೇಲೆ ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ಅಡುಗೆಮನೆ ಪಾಲಾಯಿತು, ಹಿತ್ತಿಲು ಪಾಲಾಯಿತು, ಬಟ್ಟೆ ಒಗೆಯುವ ಕಲ್ಲಿಗೂ ಒಂದು ಗೆರೆ ಎಳೆದರು. ತಾರಸಿ ಮಾತ್ರ ಹಾಗೇ ಉಳಿಯಿತು. ಅಲ್ಲಿ ಇರುವುದು ಬರೀ ಬಿಸಿಲು, ಅದರಲ್ಲಿ ಯಾರು ಪಾಲು ಕೇಳುತ್ತಾರೆ ಅಂತ ಎಲ್ಲರೂ ಸುಮ್ಮನಾದರು. ಸಂಡಿಗೆ ಮಾಡಿ ಮಾರೋಣ ಅಂತ ನಾನು ಚಕ್ಕುಲಿ ಒರಳು ಹಿಡಿದು ಮೆಟ್ಟಿಲು ಹತ್ತಿದೆ. ಇಪ್ಪತ್ತೆರಡು ವರ್ಷ ಆಯಿತು, ಇನ್ನೂ ಇಳಿದಿಲ್ಲ.

ಬಿಸಿಲಿನ ವಿಷಯ ಬೇಕಾದರೆ ನನ್ನನ್ನು ಕೇಳಿ. ಚೈತ್ರದ ಬಿಸಿಲು ಏಳಕ್ಕೆ ನೀರಿನ ಟ್ಯಾಂಕಿನ ಹಿಂದಿನಿಂದ ಇಣುಕುತ್ತದೆ. ಎಂಟಕ್ಕೆ ಮೊದಲನೇ ಪಂಚೆಯ ಅಂಚು ಮುಟ್ಟುತ್ತದೆ. ಹತ್ತಕ್ಕೆ ಸಂಡಿಗೆಯ ಒದ್ದೆ ಹೊಳಪು ಆರಿ ಸುಣ್ಣದ ಬಣ್ಣಕ್ಕೆ ತಿರುಗುತ್ತದೆ. ಹನ್ನೆರಡಕ್ಕೆ ಕಿವಿ ಕೊಟ್ಟರೆ ಒಣಗುವ ಸದ್ದೇ ಕೇಳಿಸುತ್ತದೆ, ಚಿಟ್, ಚಿಟ್ ಅಂತ ಬಹಳ ಸಣ್ಣಗೆ. ಆ ಹೊತ್ತಿಗೆ ಊರೆಲ್ಲ ಕದ ಹಾಕಿಕೊಂಡು ಮಲಗಿರುತ್ತದೆ, ನಾನೊಬ್ಬಳೇ ಕೊಡೆ ಹಿಡಿದು ಕೂತಿರುತ್ತೇನೆ. ಇಷ್ಟು ವರ್ಷದಲ್ಲಿ ಯಾರ ಜೊತೆಗೂ ನಾನು ಇಷ್ಟು ಹೊತ್ತು ಕೂತಿಲ್ಲ, ನಮ್ಮನೆಯವರ ಜೊತೆಗಂತೂ ಇಲ್ಲವೇ ಇಲ್ಲ.

ಈ ಬಿಸಿಲಿನ ಮೇಲೆ ಭಾವನ ಕಣ್ಣು ಬಿದ್ದದ್ದು ಅವರು ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ. ಮೂವತ್ತೈದು ವರ್ಷ ಮಂಡಿಯಲ್ಲಿ ಮೂಟೆ ತೂಗುವ ಕಾಟಾಗಳನ್ನು ರಿಪೇರಿ ಮಾಡಿದವರು. ತೂಗದೆ ಯಾವುದನ್ನೂ ನಂಬುವವರಲ್ಲ. ಮಗುವಿನ ತೊಟ್ಟಿಲಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ನಿದ್ದೆ ತೂಗಲು ಹೋಗಿದ್ದವರು! ಮನೆಗೆ ಸೋಲಾರ್ ಹಾಕಿಸೋಣ ಅಂತ ವಿಚಾರಿಸಿದರೆ, ಬಂದವನೊಬ್ಬ ನಾಲ್ಕು ಪ್ಯಾನೆಲ್ ಸಾಕು ಅಂದ, ಇನ್ನೊಬ್ಬ ಹತ್ತು ಬೇಕು ಅಂದ, ಮೂರನೆಯವನು ತಾರಸಿಯನ್ನೇ ನೋಡದೆ ಇಪ್ಪತ್ತು ಅಂದ.

"ಮೂರ್ ಜನ, ಮೂರ್ ತೂಕ! ಇವರ ಕಾಟಾಗಳಿಗೆ ಸೀಲೇ ಇಲ್ಲ!" ಅಂತ ಭಾವ ಸಿಟ್ಟಾಗಿ ಬಾಗಿಲು ಹಾಕಿಕೊಂಡರು. ನಾಲ್ಕು ತಿಂಗಳ ಮೇಲೆ ಬಿಸಿಲು ತೂಗುವ ಒಂದು ಯಂತ್ರದ ಜೊತೆ ಹೊರಗೆ ಬಂದರು.

ನಮ್ಮಿಬ್ಬರ ಕರಾರು ಇಷ್ಟೇ. ಎಷ್ಟು ಪ್ಯಾನೆಲ್ ಬೇಕು ಅಂತ ಯಂತ್ರ ಹೇಳುತ್ತದೋ ಅಷ್ಟು ಜಾಗ ನಾನು ಬಿಡಬೇಕು. ಮಿಕ್ಕಿದ್ದು ನನ್ನ ಸಂಡಿಗೆಗೆ, ಜೀವ ಇರುವ ತನಕ. ಯಂತ್ರಕ್ಕೆ ಪಕ್ಷಪಾತ ಇರುವುದಿಲ್ಲ ಅಂತ ನಂಬಿ ಒಪ್ಪಿಕೊಂಡೆ. ಅದೂ ಯಾವ ದಿನ! ಹಿರಿಯೂರಿನ ಮದುವೆ ಮನೆಗೆ ಹತ್ತು ಸೇರು ಅಕ್ಕಿ ಸಂಡಿಗೆ ಕೊಡಬೇಕಿತ್ತು. ಮದುವೆ ಮಾರನೇ ದಿನವೇ. ಸಂಜೆ ನಾಲ್ಕಕ್ಕೆ ಅವರು ಬಂದು ಒಯ್ಯುವವರಿದ್ದರು. ಹಿಂದಿನ ಎರಡು ದಿನ ಮೋಡ ಕವಿದು ಕೆಲಸ ಕೆಟ್ಟಿತ್ತು, ಇನ್ನೂ ಆರು ಗಂಟೆ ಒಳ್ಳೇ ಬಿಸಿಲು ಬೇಕಿತ್ತು. ಹಸಿ ಸಂಡಿಗೆ ಕರಿದರೆ ಕಲ್ಲಾಗುತ್ತದೆ, ಪಂಕ್ತಿಯಲ್ಲಿ ಯಾರದಾದರೂ ಹಲ್ಲು ಹೋದರೆ ಜೊತೆಗೆ ನನ್ನ ಹೆಸರೂ ಹೋಗುತ್ತದೆ.

*

ಯಂತ್ರದ ಹೆಸರು ಸೂರ್ಯಕಾಟಾ. ಕೆಳಗೆ ಕಡಲೆಕಾಯಿ ಮೂಟೆ ತೂಗುವ ಹಳೇ ಪೀಠ. ಅದರ ಮೇಲೆ ಪಾಲಾಕ್ಷಕ್ಕನ ಡ್ರೆಸ್ಸಿಂಗ್ ಟೇಬಲ್ಲಿನ ಕನ್ನಡಿ. ಅದಕ್ಕೊಂದು ಮಸೂರ, ಗಡಿಯಾರದ ಹಾಗೆ ಮುಳ್ಳಿರುವ ಒಂದು ಮುಖ, ಪಕ್ಕದಲ್ಲಿ ಬಸ್ ಕಂಡಕ್ಟರು ಟಿಕೆಟ್ ಕೊಡುವ ಡಬ್ಬಿ.

"ನೋಡ್ರಿ, ಬರೀ ಅಂದಾಜು ಅಲ್ಲ ಇದು. ಎಷ್ಟು ಪ್ಯಾನೆಲ್ ಬೇಕೋ ಅಷ್ಟು ಅಗಲದ ಬಿಸಿಲನ್ನ ನಿಜವಾಗ್ಲೂ ಎತ್ಕಂಡು ತೂಗ್ತೈತೆ. ತೂಗಿ ಆದ್ಮೇಲೆ ಎಲ್ಲಿಂದ ತಗಂಡಿತ್ತೋ ಅಲ್ಲಿಗೇ ಬಿಡ್ತೈತೆ. ಗುಲಗಂಜಿ ತೂಕ ಹೆಚ್ಚಿಲ್ಲ, ಕಮ್ಮಿ ಇಲ್ಲ!"

"ನಮ್ ಮನೆಗೆ ಎಷ್ಟು ಕರೆಂಟ್ ಬೇಕು ಅಂತ ಅದಕ್ಕೆ ಹೆಂಗ್ ಗೊತ್ತಾಗ್ತೈತೆ ಅಣ್ಣ?" ನಮ್ಮನೆಯವರು ಕೇಳಿದರು. ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವರು, ಕೇಳಬೇಕಾದ್ದನ್ನು ಮೆಲ್ಲಗೆ ಕೇಳುತ್ತಾರೆ.

ಭಾವ ನಕ್ಕು ಗುಂಡಿ ಒತ್ತಿದರು. ಯಂತ್ರ ಒಮ್ಮೆ ಕೆಮ್ಮಿ, ಪಾಲಾಕ್ಷಕ್ಕನ ದನಿಯಲ್ಲಿ, "ಬರ್ರಿ, ಕುಂತ್ಕಳ್ರಿ, ನೀರು ಕುಡೀತೀರಾ?" ಅಂದಿತು!

ಅಕ್ಕ ಬಾಯಿಗೆ ಸೆರಗು ಹಿಡಿದಳು. "ಇದೇನ್ರೀ! ನನ್ ದನಿ!"

"ಒಂದ್ ತಿಂಗಳು ಅಡುಗೆಮನೇಲಿ ಮೈಕ್ ಇಟ್ಟಿದ್ದೆ. ಮನೆಗೆ ಏನ್ ಬೇಕು, ಎಷ್ಟ್ ಬೇಕು, ನಿನಗಿಂತ ಚೆನ್ನಾಗಿ ಬಲ್ಲೋರು ಯಾರು? ಎಲ್ಲಾ ನಿನ್ ಬಾಯಿಂದ್ಲೇ ಕಲ್ತೈತೆ."

"ಒಂದ್ ತಿಂಗಳಾ? ನಾನು ನಿಮಗೆ ಬೈದಿದ್ದೂ ಐತಾ ಅದ್ರಲ್ಲಿ?"

"ಅದನ್ನ ತೆಗೆದು ಹಾಕೋಕೇ ಹದಿನೈದು ದಿನ ಹಿಡೀತು!"

ನನಗೆ ಆಗಲೇ ಅನುಮಾನ ಬಂತು. ಯಾಕೆಂದರೆ ಪಾಲಾಕ್ಷಕ್ಕನ ಅಳತೆ ನನಗೆ ಗೊತ್ತು. ಇಬ್ಬರಿಗೆ ಅನ್ನ ಇಡುವಾಗ ಮೂರು ಪಾವು ಅಕ್ಕಿ ತೊಳೆಯುತ್ತಾಳೆ, ಆಮೇಲೆ ಒಂದು ಹಿಡಿ ಮೇಲೆ ಹಾಕಿ, "ಇರ್ಲಿ, ಯಾರಾದ್ರೂ ಬಂದ್ರೆ?" ಅನ್ನುತ್ತಾಳೆ. ಅವಳೊಬ್ಬಳೇ ಏನಲ್ಲ, ನಮ್ಮ ಬೀದಿಯಲ್ಲಿ ಆ ಒಂದು ಹಿಡಿ ಹಾಕದೆ ಒಲೆ ಹಚ್ಚುವ ಹೆಂಗಸು ಇಲ್ಲ. ನಾನೂ ಹಾಕುತ್ತೇನೆ. ಆದರೆ ಅದನ್ನು ಯಂತ್ರಕ್ಕೆ ಯಾರಾದರೂ ಹೇಳಿಕೊಡುತ್ತಾರಾ?

ಮುಳ್ಳು ತಿರುಗಿತು. ತಾರಸಿಯ ಮೂಲೆಯಲ್ಲಿ, ಆಕಾಶದಿಂದ ಕತ್ತರಿಸಿ ಇಟ್ಟಂತೆ, ನಾಲ್ಕು ನೀಲಿ ಚೌಕಗಳು ಬಿದ್ದವು. ನಾನು ಬಗ್ಗಿ ಒಂದರೊಳಗೆ ಕೈಯಿಟ್ಟೆ. ತಣ್ಣಗಿತ್ತು! ಮಡಕೆಯ ಮೈ ಮುಟ್ಟಿದಷ್ಟು ತಣ್ಣಗೆ. ಆ ಚೌಕದಲ್ಲಿ ಬಿಸಿಲು ಒಂದು ಚೂರೂ ಉಳಿದಿರಲಿಲ್ಲ. ಟಿಕೆಟ್ ಡಬ್ಬಿ ಚರ್ರ್ ಅಂತ ಚೀಟಿ ಬಿಟ್ಟಿತು. ಪ್ಯಾನೆಲ್ ನಾಲ್ಕು, ಖರ್ಚು ಒಂದು ಲಕ್ಷ ಇಪ್ಪತ್ತು ಸಾವಿರ.

"ಆಹಾ! ನಾಲ್ಕೇ!" ನಾನು ಕುಣಿಯುವುದೊಂದು ಬಾಕಿ. "ಸರಿ ಭಾವ, ಆ ಮೂಲೆ ನಿಮ್ಮದು. ಇನ್ನು ಇಳೀರಿ ಕೆಳಗೆ!"

ಆಗ ಯಂತ್ರ ಅಕ್ಕನ ದನಿಯಲ್ಲಿ, ಅಕ್ಕನಷ್ಟೇ ಪ್ರೀತಿಯಿಂದ ಕೇಳಿತು: "ಇರ್ಲಿ, ಯಾರಾದ್ರೂ ಬಂದ್ರೆ?"

*

ನಾಲ್ಕಿದ್ದ ಪ್ಯಾನೆಲ್ಲು ಹತ್ತಾಯಿತು.

"ಮೊಳಕಾಲ್ಮೂರಿನಿಂದ ತಂಗಿ ಮನೆಯೋರು ಬಂದ್ರೆ? ಆರು ಜನ. ಹೋಳಿಗೆಗೆ ಗ್ರೈಂಡರ್ ಹಾಕಬೇಕು." ನೀಲಿ ಚೌಕಗಳು ನನ್ನ ಮೊದಲನೇ ಪಂಚೆಯ ಮೇಲೆ ಹತ್ತಿದವು. "ಅವರ ಬೀಗರೂ ಜೊತೇಲಿ ಬಂದ್ರೆ? ಎರಡು ಫ್ಯಾನ್." ಎರಡನೇ ಪಂಚೆ ಹೋಯಿತು. "ಬೀಗರ ಡ್ರೈವರು ಆಚೆ ಕುಂತಿದ್ರೆ ಚೆನ್ನಾಗಿರ್ತೈತಾ? ಅವನಿಗೊಂದು." ಮೂರನೆಯದೂ ಹೋಯಿತು.

"ಭಾವ! ನಿಲ್ಲಿಸಿ ಅದನ್ನ!"

"ಇರಮ್ಮ, ಮುಳ್ಳು ಇನ್ನೂ ನಿಂತಿಲ್ಲ. ಓಡ್ತಾ ಇರೋ ಮುಳ್ಳನ್ನ ಹಿಡೀಬಾರದು, ತೂಕದ ಧರ್ಮ ಅದು!"

ಹನ್ನೊಂದು ಗಂಟೆಯ ಹೊತ್ತಿಗೆ ಪ್ಯಾನೆಲ್ಲು ನಲವತ್ತಾಗಿ ತಾರಸಿಯ ಅಂಚಿನಿಂದ ಅಂಚಿಗೆ ನೀಲಿ ಹಾಸಿತ್ತು. ನನ್ನ ಹತ್ತು ಸೇರು ಸಂಡಿಗೆ ಚೈತ್ರದ ಬಿಸಿಲಲ್ಲಿ ಚಳಿ ಹಿಡಿದು ಮಲಗಿತ್ತು. ಹನ್ನೆರಡರ ಚಿಟ್ ಚಿಟ್ ಸದ್ದು ಆವತ್ತು ಬರುವ ಹಾಗಿರಲಿಲ್ಲ.

ನೀಲಿ ಅಲ್ಲಿಗೂ ನಿಲ್ಲಲಿಲ್ಲ. "ಕೆಟ್ಟು ನಿಂತ ಬಸ್ಸಿನೋರು ನೀರು ಕೇಳ್ಕಂಡ್ ಬಂದ್ರೆ? ಐವತ್ತು ಜನ, ಮೇಲೆ ಕಂಡಕ್ಟರು," ಅಂತ ಅಂಚು ದಾಟಿ, ಗೋಡೆಯಿಂದ ಇಳಿದು, ಬೀದಿಗೆ ಅಡ್ಡ ಬಿದ್ದು, ಎದುರುಮನೆ ಕರಿಯಮ್ಮಜ್ಜಿಯ ಸೂರು ಹತ್ತಿತು. ನಿಲ್ಲದೆ ಬರುತ್ತಿದ್ದ ಚೀಟಿ ಮೆಟ್ಟಿಲು ಇಳಿದು ಅಂಗಳಕ್ಕೆ ಹೋಗಿತ್ತು. ಭಾವ ಅದರ ಹಿಂದೆಯೇ ಕೆಳಗಿಳಿದು, ಓದುತ್ತಾ ಓದುತ್ತಾ ಮೇಲೆ ಬಂದರು. ಮುಖ ಕೆಂಪಾಗಿತ್ತು.

"ಒಂಬತ್ತು ಸಾವಿರ ಪ್ಯಾನೆಲ್ಲು! ಖರ್ಚು ಇಪ್ಪತ್ತೇಳು ಕೋಟಿ!"

"ಅಯ್ಯೋ ಶಿವನೇ!" ಅಂದಳು ಅಕ್ಕ.

"ಪೂರ್ತಿ ಕೇಳೇ! ಇಪ್ಪತ್ತೈದು ವರ್ಷಕ್ಕೆ ಉಳಿತಾಯ ನೂರು ಕೋಟಿ! ಖರ್ಚು ಕಳೆದು ಎಪ್ಪತ್ತಮೂರು ಕೋಟಿ ನಮ್ ಕೈಯಾಗೆ!"

"ಆ ಇಪ್ಪತ್ತೇಳು ಎಲ್ಲಿಂದ ತರ್ತೀರಿ?"

"ನೀನು ಯಾವಾಗ್ಲೂ ಸಣ್ಣ ಸಣ್ಣ ವಿಷಯಕ್ಕೇ ಗಂಟು ಬೀಳ್ತೀಯ."

ನಾನು ಸೀದಾ ಹೋಗಿ ಬ್ಯಾಟರಿಯ ತಂತಿ ಕಿತ್ತೆ. ಯಂತ್ರ ಓಡುತ್ತಲೇ ಇತ್ತು. ಕನ್ನಡಿ ತಿರುಗಿಸಿದೆ, ಪೀಠಕ್ಕೆ ಒದ್ದೆ, ಕಾಲು ನೋಯಿತು. ತೂಗುವುದಕ್ಕೆ ಅಂತ ಎತ್ತಿಕೊಂಡ ಬಿಸಿಲನ್ನೇ ತಿಂದುಕೊಂಡು ಅದು ಬದುಕಿತ್ತು.

"ಇದು ನಿಲ್ಲೋದು ಹೆಂಗೆ?"

ಭಾವ ತಲೆ ಕೆರೆದರು. "ಅದು ಕೇಳೋದು ಒಂದೇ ಪ್ರಶ್ನೆ ಅಲ್ವಾ? ಅದಕ್ಕೆ ಉತ್ತರ ಕೊಟ್ರೆ ನಿಲ್ತೈತೆ. ಇನ್ನು ಯಾರೂ ಬರಲ್ಲ ಅಂತ ಹೇಳಿದ್ರೆ ಆಯ್ತು."

"ಹೇಳಿ ಮತ್ತೆ!"

"ನಾನು ಯಾಕೆ? ಇವಳ ಮಾತು ಕಲ್ತಿದ್ದು, ಇವಳೇ ಹೇಳ್ಲಿ."

"ನಾನಾ? ನನ್ ಮನೆಗೆ ಯಾರೂ ಬರೋದು ಬ್ಯಾಡ ಅಂತ ನನ್ ಬಾಯಲ್ಲಿ ಹೇಳಿಸ್ತೀರಾ? ಬಿಡ್ತು ಅನ್ರಿ!"

ಕೊನೆಗೆ ಭಾವನೇ ಎದೆ ಸೆಟೆಸಿ ಯಂತ್ರದ ಮುಂದೆ ನಿಂತರು. "ಕೇಳು! ಇನ್ನು ಈ ಮನೆಗೆ ಯಾರೂ... ಯಾರೂ..." ಬೀದಿ ಕಡೆ ನೋಡಿದರು. "ಯಾರೂ... ಬರೋರು ಬರ್ಲಿ ಬಿಡವ್ವ, ಅವರ ಪಾಲಿಂದು ಅವರಿಗಿರ್ತೈತೆ!"

"ಹಂಗನ್ರಿ ಮತ್ತೆ!" ಅಂತ ಯಂತ್ರ ಖುಷಿಯಿಂದ ಇನ್ನೂ ಇನ್ನೂರು ಹಾಕಿಕೊಂಡಿತು.

*

ಮಧ್ಯಾಹ್ನ ಆಯಿತು. ಊರಿಗೆಲ್ಲ ಬೆಂಕಿಯಂಥ ಬಿಸಿಲು, ನಮ್ಮ ಬೀದಿಗೆ ಮಾತ್ರ ನೀಲಿ ನೆರಳು. ಅದರೊಳಗೆ ನಿಂತವರ ಕಣ್ಣು ತಾವಾಗಿಯೇ ಭಾರವಾಗುತ್ತಿತ್ತು. ನಾಯಿಗಳು ಬಂದು ಮಲಗಿದವು. ಐಸ್‌ಕ್ಯಾಂಡಿ ಮಾರುವ ಬಾಷಾ ಸೈಕಲ್ಲು ಒರಗಿಸಿ, ಡಬ್ಬಿಗೆ ಬೆನ್ನು ಕೊಟ್ಟು ತೂಕಡಿಸಿದ. ಕರಿಯಮ್ಮಜ್ಜಿ ಚಾಪೆ ಹಿಡಿದು ನಮ್ಮ ತಾರಸಿಗೇ ಬಂದಳು. ಅಕ್ಕ ಅವಳ ಪಕ್ಕ ಕೂತಳು. ಊಟಕ್ಕೆ ಹೋಗಬೇಕಾದ ನಮ್ಮನೆಯವರು ಗೋಡೆಗೆ ಒರಗಿ ಬಾಯಿ ತೆರೆದು ನಿದ್ದೆ ಹೋದರು.

ಯಂತ್ರದ ದನಿಯೂ ತಗ್ಗಿತು. ಜೋಗುಳದಷ್ಟು ಮೆಲ್ಲಗೆ, ಒಬ್ಬೊಬ್ಬರ ಹತ್ತಿರವೇ ಕೇಳತೊಡಗಿತು. "ನಿಮ್ ಮನೆಗೆ? ಯಾರಾದ್ರೂ ಬಂದ್ರೆ?"

ನಿದ್ದೆಗಣ್ಣಲ್ಲೇ ಅವರು ಹೆಸರು ಹೇಳಿದರು. ಬಾಷಾ ಜೊತೆಯಲ್ಲಿ ಓದಿದ ಗೆಳೆಯನೊಬ್ಬನ ಹೆಸರು ಹೇಳಿದ. ಭಾವ ಯಾವಾಗಲೋ ಜಗಳವಾಡಿ ಮಾತು ಬಿಟ್ಟ ಮಂಡಿಯ ಮೇಸ್ತ್ರಿಯ ಹೆಸರು ಹೇಳಿದರು. ಕರಿಯಮ್ಮಜ್ಜಿ ತನ್ನ ಗಂಡನ ಹೆಸರನ್ನೇ ಹೇಳಿಬಿಟ್ಟಳು! ಆ ಅಜ್ಜ ಹೋಗಿ ಹತ್ತೊಂಬತ್ತು ವರ್ಷ. ಬದುಕಿದ್ದಾಗ ಒಂದು ದಿನವೂ ಅವಳ ಬಾಯಲ್ಲಿ ಆ ಹೆಸರು ಬಂದಿರಲಿಲ್ಲ. ಸತ್ತವರು, ಇದ್ದವರು ಅನ್ನುವ ಭೇದ ಯಂತ್ರಕ್ಕೆ ಇರಲಿಲ್ಲ. "ಅಜ್ಜನಿಗೆ ಒಂದು ಫ್ಯಾನ್, ಒಂದು ರೇಡಿಯೋ," ಅಂತ ಬರೆದುಕೊಂಡು ನೀಲಿಯನ್ನು ಇನ್ನೊಂದು ಬೀದಿಗೆ ಹಬ್ಬಿಸಿತು.

ನಾನು ಮಾತ್ರ ಮಲಗಲಿಲ್ಲ. ಸಂಡಿಗೆ ಕೆಡುತ್ತಿರುವಾಗ ನಿದ್ದೆ ಬರುತ್ತದಾ? ಕೊಡೆಯ ತುದಿಯಿಂದ ನೀಲಿಯನ್ನು ಕೆರೆದು ನೋಡಿದೆ. ಪಂಚೆಗಳನ್ನು ಎಳೆದು ಬಿಸಿಲಿರುವ ಕಡೆ ಹಾಕೋಣ ಅಂದರೆ ಮೂರು ಬೀದಿ ದಾಟಬೇಕಿತ್ತು. ಗಂಟೆ ಎರಡಾಗಿತ್ತು. ನನಗೆ ಅಳು ಬಂತು, ಸಿಟ್ಟಿಗೆ ಬಂದ ಅಳು ಅದು. ಇನ್ನು ಬಿಡಬಾರದು, ಕೆಟ್ಟ ಮಾತಾದರೂ ಸರಿ, ಯಾರೂ ಬರುವುದಿಲ್ಲ ಅಂತ ನಾನೇ ಹೇಳಿಬಿಡುತ್ತೇನೆ ಅಂತ ಯಂತ್ರದ ಮುಂದೆ ಹೋಗಿ ಕೂತೆ.

ಅದು ನನ್ನ ಕಡೆ ಕನ್ನಡಿ ತಿರುಗಿಸಿತು. "ಅನಸೂಯಾ, ನಿಮ್ಮಮ್ಮ ಬಂದ್ರೆ?"

ಅಮ್ಮ ಹೋಗಿ ಆರು ವರ್ಷ ಆಗಿತ್ತು. ಮೊದಲೆಲ್ಲ ಪ್ರತಿ ಬೇಸಿಗೆಗೂ ಬಂದು ಹದಿನೈದು ದಿನ ಇರುತ್ತಿದ್ದಳು. ಅವಳು ಬರುವುದಿಲ್ಲ ಅಂತ ಹೇಳಲು ನನ್ನಿಂದ ಆಗಲಿಲ್ಲ. ಅದು ಸುಳ್ಳಲ್ಲ, ಆದರೂ ಆಗಲಿಲ್ಲ. ಅವಳು ಬಂದರೆ ಎಲ್ಲಿ ಕೂರುತ್ತಾಳೆ ಅಂತ ಯೋಚನೆ ಬಂತು. ಯೋಚಿಸಿದರೆ, ಕಣ್ಣಿಗೆ ಕಂಡ ಹಾಗೇ ಆಯಿತು: ಮೂರನೇ ಪಂಚೆಯ ಆಚೆ, ಸೆರಗು ತಲೆಗೆ ಹಾಕಿಕೊಂಡು, ಕೈಯಲ್ಲೊಂದು ಉದ್ದ ಕೋಲು.

"ಅಮ್ಮ ಬಂದ್ರೆ ಫ್ಯಾನ್ ಬೇಡ," ಅಂದೆ. "ಮನೆ ಒಳಗೆ ಒಂದು ಗಳಿಗೆ ಕೂತೋಳಲ್ಲ ಅವಳು. ಇಲ್ಲೇ ನನ್ ಪಕ್ಕ, ಬಿಸಿಲಲ್ಲಿ ಕೂತ್ಕಂಡು ಕಾಗೆ ಓಡಿಸೋಳು. ಬೆಳಿಗ್ಗೆಯಿಂದ ಸಂಜೆ ತನಕ ನನ್ನ ಬೈಯೋಳು. ಅವಳಿಗೆ ಬೇಕಾಗಿದ್ದು ಬಿಸಿಲು. ಅವಳು ಬರಬೇಕು ಅಂದ್ರೆ ಮೊದ್ಲು ನನ್ ಬಿಸಿಲು ಬಿಡು!"

ಮುಳ್ಳು ನಡುಗಿ ನಿಂತಿತು. ಅಂಥ ಅತಿಥಿಯನ್ನು ಅದು ಕಂಡಿರಲಿಲ್ಲ. "ಫ್ಯಾನ್ ಬ್ಯಾಡ್ವಾ?" ಅಂತ ಸಪ್ಪೆ ದನಿಯಲ್ಲಿ ಕೇಳಿತು.

"ಬೇಡ. ಚಾಪೆನೂ ಬೇಡ, ಅವಳೇ ಗೋಣಿಚೀಲ ತರ್ತಿದ್ಲು."

ದೂರದ ಬೀದಿಯಲ್ಲಿ ಒಂದು ಚೌಕ ಕಳಚಿತು. ಆಗ ನನಗೆ ದಾರಿ ಹೊಳೆಯಿತು. ಕರಿಯಮ್ಮಜ್ಜಿಯ ಭುಜ ಅಲ್ಲಾಡಿಸಿದೆ. "ಅಜ್ಜಿ, ಅಜ್ಜ ಬಂದ್ರೆ ಏನ್ ಬೇಕು? ಫ್ಯಾನಾ?"

"ಫ್ಯಾನ್ ಗಾಳಿಗೆ ಅವರಿಗೆ ಸೀನು ಬರೋದು ಕಣವ್ವ," ಅಂದಳು ಅಜ್ಜಿ ಕಣ್ಣು ಮುಚ್ಚಿಯೇ. "ಒಂದ್ ಲೋಟ ಮಜ್ಜಿಗೆ ಕೊಟ್ರೆ ಕಟ್ಟೆ ಮೇಲೆ ಕುಂತಿರ್ತಾರೆ."

"ರೇಡಿಯೋ?" ಯಂತ್ರ ಆಸೆಯಿಂದ ಕೇಳಿತು.

"ನಾನು ಮಾತಾಡ್ತಿರ್ತೀನಲ್ಲ."

ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಾ ಹೋದೆ. ಗೆಳೆಯ ಬಂದರೆ ಸೈಕಲ್ಲಿನ ನೆರಳೇ ಸಾಕು, ಇಬ್ಬರೂ ಅಲ್ಲೇ ಬೆಳೆದವರು, ಅಂದ ಬಾಷಾ. ಮೇಸ್ತ್ರಿ ಬಂದರೆ ಮೊದಲು ಬೀದಿಯಲ್ಲೇ ನಿಂತು ಅರ್ಧ ಗಂಟೆ ಜಗಳ ಮುಗಿಸಬೇಕು, ಆಮೇಲೆ ನೋಡೋಣ, ಅಂದರು ಭಾವ. ಪಾಲಾಕ್ಷಕ್ಕ ತನ್ನ ತಂಗಿ ಮನೆಯ ಆರು ಜನರನ್ನೂ, ಬೀಗರನ್ನೂ, ಡ್ರೈವರನ್ನೂ, ಬಸ್ಸಿನ ಐವತ್ತು ಜನರನ್ನೂ ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದಳು. "ಅಲ್ಲಾ, ಇವರೆಲ್ಲಾ ಬಂದ್ರೆ ನಮ್ ಮನೇಲಿ ಹಿಡಿಸ್ತಾರಾ? ಅಂಗಳಕ್ಕೆ ಜಮಖಾನ ಹಾಸೋದು ತಾನೆ! ಬೇವಿನ ಮರದ ಗಾಳಿ ಬರ್ತೈತೆ. ಕರೆಂಟ್ ಯಾತಕ್ಕೆ?"

ತನ್ನ ದನಿಯವಳೇ ಹೀಗಂದ ಮೇಲೆ ಯಂತ್ರ ಸೋತು ಮುಳ್ಳನ್ನು ಹಿಂದಕ್ಕೆ ತಿರುಗಿಸಿತು. ನೀಲಿ ಮೂರು ಬೀದಿ ಹಿಂದಕ್ಕೆ ಸರಿಯಿತು. ಕರಿಯಮ್ಮಜ್ಜಿಯ ಸೂರು ಬಿಟ್ಟಿತು, ಗೋಡೆ ಹತ್ತಿ ಈಚೆ ಬಂತು, ನಾಲ್ಕನೇ ಪಂಚೆ, ಮೂರು, ಎರಡು, ಒಂದು ಅಂತ ಬಿಡುತ್ತಾ ಬಿಡುತ್ತಾ ಮೆಟ್ಟಿಲು ಮುಗಿಯುವಲ್ಲಿ ಕಟ್ಟಿದ ಗೂಡಿನ ಮೇಲೆ ಹತ್ತಿ ಎರಡು ಚೌಕವಾಗಿ ಕೂತಿತು. ಆ ಗೂಡಿನ ನೆತ್ತಿಯ ಮೇಲೆ ನಾನು ಯಾವತ್ತೂ ಒಂದು ಸಂಡಿಗೆಯನ್ನೂ ಇಟ್ಟವಳಲ್ಲ!

"ಎರಡೇ!" ಭಾವನ ದನಿಯಲ್ಲಿ ಎಪ್ಪತ್ತಮೂರು ಕೋಟಿ ಹೋದ ದುಃಖ ಇತ್ತು.

"ಎರಡೇ!" ನನ್ನ ದನಿಯಲ್ಲಿ ಏನಿತ್ತು ಅಂತ ಹೇಳಬೇಕಾಗಿಲ್ಲ. ತಾರಸಿ ಉಳಿಯಿತು. ಗಂಟೆ ಮೂರು, ಇನ್ನೊಂದು ಗಂಟೆಯಲ್ಲಿ ಎಷ್ಟು ಒಣಗುತ್ತೋ ಒಣಗಲಿ ಅಂತ ಪಂಚೆಯ ಕಡೆ ತಿರುಗಿದೆ.

ಹಿಂದಿನಿಂದ ಯಂತ್ರ ಬಹಳ ಮರ್ಯಾದೆಯಿಂದ, "ತೂಗಿ ಆಯ್ತು. ನಿಮ್ಮಿಂದು ನೀವು ತಗಳ್ರಿ," ಅಂದಿತು.

"ಎಲ್ಲಾರೂ ಗೂಡಿನೊಳಗೆ ಬರ್ರೀ!" ಭಾವ ಕಿರುಚಿದರು.

*

ಬೆಳಗಿನಿಂದ ಎತ್ತಿಕೊಂಡ ಐದು ಗಂಟೆಯ ಬಿಸಿಲೆಲ್ಲ ಒಟ್ಟಿಗೆ ವಾಪಸ್ ಬಂತು. ಅದು ಉರಿಯುತ್ತಿರಲಿಲ್ಲ, ಕಣ್ಣಿಗೆ ಚುಚ್ಚುತ್ತಿರಲಿಲ್ಲ. ಸಣ್ಣ ಅರಿಸಿನದ ಪುಡಿ ಉದುರಿದ ಹಾಗೆ ಸದ್ದಿಲ್ಲದೆ ಇಳಿದು, ಎಲ್ಲಿಂದ ಹೋಗಿತ್ತೋ ಅಲ್ಲೇ ಕೂರುತ್ತಿತ್ತು. ನಾವು ಐದೂ ಜನ ಮೆಟ್ಟಿಲಿನ ಗೂಡಿನೊಳಗೆ ಒತ್ತಿಕೊಂಡು ನಿಂತು ನೋಡಿದೆವು. ನನ್ನ ಬದುಕಿನಲ್ಲಿ ಅಷ್ಟು ಚೆಂದದ ಬೆಳಕು ನೋಡಿಲ್ಲ, ಇನ್ನು ನೋಡುವುದೂ ಇಲ್ಲ.

ಮೊದಲು ಒಂದೇ ಒಂದು ಸಂಡಿಗೆ, ಟಪ್ ಅಂತ ಅರಳಿತು.

ಆಮೇಲೆ ಅದರ ಪಕ್ಕದ್ದು. ಆಮೇಲೆ ಒಂದು ಸಾಲು. ಆಮೇಲೆ ಇಡೀ ಪಂಚೆಯೇ ಟಪಟಪಟಪ ಅಂತ ಎದ್ದು ಕೂತಿತು! ಹತ್ತು ಸೇರು ಸಂಡಿಗೆ, ಹನಿ ಎಣ್ಣೆಯಿಲ್ಲದೆ, ಬಿಸಿಲಿನಲ್ಲೇ ಕರಿದುಕೊಂಡು ಮಲ್ಲಿಗೆಯ ರಾಶಿ ಆಗಿ ಮೊಳಕಾಲುದ್ದ ಏರಿತು, ಅಂಚಿನಿಂದ ಬೀದಿಗೆ ಉದುರಿತು. ಎದುರುಮನೆಯ ನೀರಿನ ಟ್ಯಾಂಕು ಕುದಿದು ಮುಚ್ಚಳ ಕುಣಿಯಿತು. ಕೆಳಗೆ ಜಗುಲಿಗೆ ಓಡಿದ ಬಾಷಾನ ಐಸ್‌ಕ್ಯಾಂಡಿ ಪೂರ್ತಿ ಪಾನಕವಾಯಿತು.

"ಅಯ್ಯೋ ನನ್ ಆರ್ಡರು!" ನಾನು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟೆ. ಮದುವೆ ಮನೆಯವರು ಕೇಳಿದ್ದು ಒಣ ಸಂಡಿಗೆ. ಹೆಸರು ಹೋಯಿತು ಅಂತ ಕಣ್ಣಲ್ಲಿ ನೀರು ತುಂಬಿತು.

ಕರಿಯಮ್ಮಜ್ಜಿ ಬಗ್ಗಿ ಒಂದು ತೆಗೆದು ಬಾಯಿಗೆ ಹಾಕಿಕೊಂಡಳು. ಅವಳಿಗಿರುವುದು ಎರಡೇ ಹಲ್ಲು. "ಬಾಯಾಗೆ ಇಟ್ರೆ ಕರಗ್ತೈತೆ ಕಣವ್ವ," ಅಂದಳು.

ಸರಿಯಾಗಿ ನಾಲ್ಕಕ್ಕೆ ಮದುವೆ ಮನೆಯ ಯಜಮಾನರು ಆಟೋದಲ್ಲಿ ಎರಡು ಡಬ್ಬಿ ಇಟ್ಟುಕೊಂಡು ಬಂದರು. ಮೇಲೆ ಹತ್ತಿ, ಬಾಗಿಲಲ್ಲೇ ನಿಂತು, ಮೊಳಕಾಲುದ್ದದ ಸಂಡಿಗೆಯ ರಾಶಿ ನೋಡಿದರು. ಒಂದು ಮುರಿದು ತಿಂದರು. ಇನ್ನೊಂದು ತಿಂದರು. ನಾನು ಸೆರಗಿನ ತುದಿ ತಿರುಚುತ್ತಾ ನಿಂತಿದ್ದೆ.

"ಏನಮ್ಮಾ ಇದು," ಅಂದರು ಯಜಮಾನರು, "ಒಂದು ಚೂರು ಎಣ್ಣೆ ಅಂಟಿಲ್ಲ! ನಮ್ಮ ಬೀಗರಿಗೆ ಡಾಕ್ಟರು ಕರಿದಿದ್ದು ಮುಟ್ಟಬೇಡಿ ಅಂದಿದಾರೆ, ಅವರಿಗೇನು ಬಡಿಸೋದು ಅಂತ ಮೂರು ದಿನದಿಂದ ಮನೇಲಿ ಜಗಳ. ಡಬ್ಬಿ ಬೇಡ, ಟೆಂಪೋ ತರಿಸ್ತೀನಿ!"

ಟೆಂಪೋ ಎರಡು ಸಲ ತುಂಬಿ ಹೋಯಿತು. ದುಡ್ಡು ಕೊಟ್ಟರು, ಜೊತೆಗೆ ಲಗ್ನಪತ್ರಿಕೆಯನ್ನೂ ಕೊಟ್ಟು ಐದೂ ಜನ ಬರಲೇಬೇಕು ಅಂದರು. ಆಮೇಲೆ ಮೆಟ್ಟಿಲ ಮೇಲೆ ಬಿದ್ದಿದ್ದ ಸೂರ್ಯಕಾಟಾದ ಕೊನೆಯ ಚೀಟಿಯನ್ನು ನಮ್ಮನೆಯವರು ಎತ್ತಿ ಗಟ್ಟಿಯಾಗಿ ಓದಿದರು:

"ಪ್ಯಾನೆಲ್ ಎರಡು. ಖರ್ಚು ಅರವತ್ತು ಸಾವಿರ. ಉಳಿತಾಯ: ಕರೆಂಟು ತಿಂಗಳಿಗೆ ಏಳುನೂರು ರೂಪಾಯಿ, ಶೇಂಗಾ ಎಣ್ಣೆ ಆರು ಕೇಜಿ."

"ನೋಡಿದ್ಯಾ ಅನಸೂಯಾ! ಎಣ್ಣೇನೂ ಲೆಕ್ಕ ಹಿಡಿದೈತೆ ನನ್ ಯಂತ್ರ!" ಭಾವನ ಎದೆ ಮತ್ತೆ ಉಬ್ಬಿತು.

ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ಒಣ ಸಂಡಿಗೆ ಒಯ್ದಿದ್ದರೆ ಅದನ್ನು ಕರಿಯಬೇಕಾಗಿದ್ದದ್ದು ಮದುವೆ ಮನೆಯವರು. ಆರು ಕೇಜಿ ಎಣ್ಣೆ ಉಳಿದದ್ದು ಹಿರಿಯೂರಿನಲ್ಲಿ. ಉಳಿತಾಯ ಅನ್ನುವುದನ್ನು ಎಷ್ಟು ಚೆನ್ನಾಗಿ ತೂಗಿದರೂ, ಅದು ಆಗುವುದು ಬೇರೆಯವರ ಮನೆಯಲ್ಲೇ.